ಬೀಜವಿಲ್ಲದ ತೋಟದಲ್ಲಿ ಬೀಜದ ಹುಡುಕಾಟ

ಎಳ್ಳ ಅಮಾವಾಸ್ಯೆ ಹತ್ತಿರವಿತ್ತು. ಇಂಡಿಯಿಂದ ಹೊರಟು ಸಿಂದಗಿ, ಬಸವನಬಾಗೇವಾಡಿ ಹಾದು ಮುದ್ದೇಬಿಹಾಳದವರೆಗೆ ಹೊಲ-ತೋಟಗಳನ್ನು ನೋಡುತ್ತ ಹೋಗುವುದು ನನ್ನ ಲೆಕ್ಕ. ಯಾವ ಬೆಳೆ ಹೇಗೆ ಮರುಹುಟ್ಟು ಪಡೆಯುತ್ತದೆ ಎಂಬುದೊಂದನ್ನೇ ನೋಡಬೇಕಿತ್ತು.

ಇಂಡಿ ಎಂದರೆ ನಿಂಬೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಲ್ಲೇ, ಭೌಗೋಳಿಕ ಗುರುತು ಸಿಕ್ಕಿರುವುದೂ ಇಲ್ಲಿಯ ಹಣ್ಣಿಗೇ. ಸಸಿಮಡಿಯಲ್ಲಿ ಬಗ್ಗಿ ನೋಡಿದರೆ ಒಂದೇ ಬೀಜದಿಂದ ಎರಡು, ಮೂರು ಮೊಳಕೆ ಎದ್ದಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಅಂಶ ಬೆರೆಯದೆ ತಾಯಿಯ ಅಂಗಾಂಶದಿಂದಲೇ ಮೂಡಿದವು. ಹೀಗಾಗಿ ಬೀಜ ಹಾಕಿ ಬೆಳೆಸಿದರೂ ನಿಂಬೆಗಿಡ ಬಹುಮಟ್ಟಿಗೆ ತಾಯಿಯ ಪಡಿಯಚ್ಚು.

ಸಿಂದಗಿ ಕಡೆ ತಿರುಗಿದರೆ ತೊಗರಿ, ಹತ್ತಿ. ಅರಳೆ ಬಿರಿದ ಹತ್ತಿ ಹೊಲದಲ್ಲಿ ಕೈಯಿಂದ ಪರಾಗ ಕೊಟ್ಟ ಗುರುತು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಅಂಗಡಿಯಿಂದ ತಂದ ಬೀಜದ ಪಾಕೀಟಿನೊಳಗೇ ಬಂದಿರುತ್ತದೆ. ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ನಮ್ಮಲ್ಲಿ ಬಹುಪಾಲು ಕೈಕೆಲಸ. ಸಂಜೆ ಮೊಗ್ಗಿನ ಎಸಳು, ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವು ತಂದು ಶಲಾಕಾಗ್ರಕ್ಕೆ ಸವರುತ್ತಾರೆ. ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ರೂಪಿಸಿ 1972ರಲ್ಲಿ ಹೊರಬಂದ ‘ವರಲಕ್ಷ್ಮಿ’ ಹತ್ತಿ ಈ ಕೈಕೆಲಸವನ್ನು ಕರ್ನಾಟಕದ ಹಳ್ಳಿಗಳಿಗೆ ಕಲಿಸಿತು. ಒಂದು ಹೂವು ಮುಟ್ಟಿದರೆ ಒಂದು ಕಾಯಿ, ಕಾಯಿಯೊಳಗೆ ಹತ್ತಾರು ಬೀಜ. ಕೂಲಿಗೆ ಲೆಕ್ಕ ಹೊಂದುತ್ತದೆ.

ಆ ಲೆಕ್ಕ ತಲೆಕೆಳಗಾಗುವುದು ಬಾಳೆಯಲ್ಲಿ.

ಬಸವನಬಾಗೇವಾಡಿ ದಾಟಿ ಕೃಷ್ಣೆಯ ಕಡೆ ಇಳಿದರೆ ನೆಲದ ಬಣ್ಣ ಅದೇ ಕಪ್ಪು, ಮೇಲಿನ ಬಣ್ಣ ಮಾತ್ರ ಹಸಿರು. ಆಲಮಟ್ಟಿಯ ಹಿನ್ನೀರು, ಮುಳವಾಡ ಏತ ನೀರಾವರಿಯ ಕಾಲುವೆ, ಕೊಳವೆಬಾವಿ, ಹನಿ ಪೈಪು ಸೇರಿ ಒಣಬೇಸಾಯದ ಸೀಮೆಗೂ ಬಾಳೆಯನ್ನು ಕರೆತಂದಿವೆ. ನಾನು ಹೊಕ್ಕ ತೋಟದಲ್ಲಿದ್ದದ್ದು ‘ಜಿ-ನೈನ್’, ಅಂದರೆ ಗ್ರ್ಯಾಂಡ್ ನೈನ್. ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆದ ಅಂಗಾಂಶ ಕೃಷಿ ಸಸಿ. ಎಕರೆಗೆ ಸಾವಿರಕ್ಕೂ ಮೇಲೆ ಗಿಡ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ವಾರದಲ್ಲಿ ಗೊನೆ. ವ್ಯಾಪಾರಿಗೆ ಬೇಕಾದ್ದೂ ಇದೇ.

ಆಗಷ್ಟೇ ಗೊನೆ ಬಿಟ್ಟ ಗಿಡವೊಂದರ ಕೆಳಗೆ ನಿಂತೆ. ಕೆನ್ನೀಲಿ ಮೂತಿಯ ಒಂದು ಪದರ ಮೇಲೆದ್ದಿತ್ತು. ಅದರ ಬುಡದಲ್ಲಿ ಬೆರಳಿನಂಥ ಎಳೆಗಾಯಿ, ತುದಿಗೆ ಅಂಟಂಟಾದ ಹೂವು. ಮೊದಲ ಚಿಪ್ಪುಗಳಲ್ಲಿ ಬರುವ ಈ ಹೆಣ್ಣುಹೂಗಳೇ ಕಾಯಿಯಾಗುತ್ತವೆ. ಆಮೇಲೆ ತೆರೆಯುವ ಪದರಗಳಲ್ಲಿ ಗಂಡುಹೂ ಮಾತ್ರ, ಅವು ಉದುರಿ ಹೋಗುತ್ತವೆ. ಜೇನುನೊಣಗಳು ಮುತ್ತಿದ್ದವು. ಮಕರಂದ ಸಿಕ್ಕಿತು, ಬೀಜ ಕಟ್ಟಲಿಲ್ಲ. ಕಾಡುಬಾಳೆಯ ವರ್ಣತಂತುಗಳು 22, ಎರಡು ಗುಂಪು. ಈ ಗಿಡದಲ್ಲಿ 33, ಮೂರು ಗುಂಪು. ಬೆಸ ಸಂಖ್ಯೆಯ ಗುಂಪುಗಳು ಸಮನಾಗಿ ಪಾಲಾಗವು. ಹೀಗಾಗಿ ಪರಾಗವೂ ಅಂಡಾಣುವೂ ಬಹುತೇಕ ಬಂಜೆ. ಪರಾಗ ತಾಗದೆಯೇ ಕಾಯಿ ದಪ್ಪಗಾಗುವ ಗುಣವಿರುವುದರಿಂದ ನಮಗೆ ತಿರುಳು ಸಿಗುತ್ತದೆ. ಹಣ್ಣು ಕತ್ತರಿಸಿದಾಗ ನಡುವೆ ಕಾಣುವ ಕಂದು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು.

ಹಾಗಿದ್ದರೆ ಹೊಸ ತಳಿ ಎಲ್ಲಿಂದ? ಮನುಷ್ಯನೇ ಏಣಿ ಹತ್ತಬೇಕು. ತಳಿವಿಜ್ಞಾನಿಗಳು ಮೊದಲು ಒಂದಿಷ್ಟಾದರೂ ಬೀಜ ಕಟ್ಟುವ ತಾಯಿಯನ್ನು ಆರಿಸುತ್ತಾರೆ. ಜಿ-ನೈನ್ ಗುಂಪು ಈ ವಿಷಯದಲ್ಲಿ ಬಲು ಜಿಪುಣ. ಮೂತಿ ಬಿಚ್ಚುವ ಮುಂಚೆಯೇ ಗೊನೆಗೆ ಚೀಲ ತೊಡಿಸುತ್ತಾರೆ. ಬೆಳಿಗ್ಗೆ ಬೇಗ, ರೋಗ ತಡೆಯುವ ಕಾಡುಬಾಳೆಯಿಂದ ಆಗ ತಾನೇ ಅರಳಿದ ಗಂಡುಹೂ ಕಿತ್ತು ತಂದು, ಅಂದು ತೆರೆದ ಪದರದ ಒಂದೊಂದು ಹೆಣ್ಣುಹೂವಿಗೂ ಸವರಿ, ಮತ್ತೆ ಚೀಲ ಕಟ್ಟಿ, ಚೀಟಿ ಹಾಕುತ್ತಾರೆ. ಮರುದಿನ ಮುಂದಿನ ಪದರ. ಹೆಣ್ಣುಹೂ ಮುಗಿಯುವವರೆಗೂ ಇದೇ ಸರದಿ. ಗೊನೆ ಬಲಿತ ಮೇಲೆ ಹಣ್ಣುಮಾಡಿ, ಹಿಸುಕಿ, ಜರಡಿಯಲ್ಲಿ ತೊಳೆದು ಕಪ್ಪು ಬೀಜ ಹುಡುಕಬೇಕು. ಎಷ್ಟೋ ಗೊನೆಗಳಲ್ಲಿ ಏನೂ ಇರುವುದಿಲ್ಲ. ಸಿಕ್ಕ ಬೀಜವೂ ಮಣ್ಣಿನಲ್ಲಿ ಮೊಳೆಯುವ ಭರವಸೆ ಕಡಿಮೆ. ಅದಕ್ಕೇ ಒಳಗಿನ ಭ್ರೂಣವನ್ನು ಬಿಡಿಸಿ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ.

1922ರಲ್ಲಿ ಟ್ರಿನಿಡಾಡ್‌ನಲ್ಲಿ ಈ ಕೆಲಸ ಶುರುವಾದದ್ದು ಶಿಲೀಂಧ್ರದಿಂದ ಬರುವ ಪನಾಮಾ ಸೊರಗುರೋಗದ ಭಯದಿಂದ. ನೈಜೀರಿಯಾದಲ್ಲಿ ಅಡುಗೆಬಾಳೆಗೆ ಎಲೆಚುಕ್ಕೆ ತಡೆಯುವ ಶಕ್ತಿ ತುಂಬಲು ಪರಾಗ ಕೊಟ್ಟ ಕಾಡುಬಾಳೆಯ ಹೆಸರು ‘ಕಲ್ಕತ್ತಾ-4’. ನಮ್ಮ ನೆರೆಯ ಕೊಯಮತ್ತೂರಿನ ‘ಕೋ-1’ ಹುಟ್ಟಿದ್ದು ಎರಡು ಹಂತದಲ್ಲಿ: ಲಾಡನ್ ಬಾಳೆಗೆ ಕಾಡಿನ ಬಾಲ್ಬಿಸಿಯಾನಾ ಪರಾಗ, ಆ ಸಂತತಿಗೆ ಮತ್ತೆ ಕದಳಿಯ ಪರಾಗ. ರುಚಿ ವಿರೂಪಾಕ್ಷಿ ಬಾಳೆಯದು. ಕೇರಳದ ಕಣ್ಣಾರದಿಂದ ಬಿ.ಆರ್.ಎಸ್-1, ಬಿ.ಆರ್.ಎಸ್-2 ತಳಿಗಳು ಬಂದವು. ತಿರುಚಿನಾಪಳ್ಳಿಯಲ್ಲಿ 1993ರಿಂದ ಬಾಳೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ದುಡಿದರೂ ಮಾರುಕಟ್ಟೆ ಬೆನ್ನುಹತ್ತುವುದು ಜಿ-ನೈನ್ ಅನ್ನೇ.

ಮುದ್ದೇಬಿಹಾಳ ಸೀಮೆಗೆ ಬಂದಾಗ ಡೋಣಿ ದಂಡೆಯ ಎರೆಹೊಲದ ಬಿಳಿಜೋಳ ಹೂವಿನಲ್ಲಿತ್ತು. ಜೋಳದ ತೆನೆ ತನ್ನ ಪರಾಗವನ್ನು ಬಹುಪಾಲು ತಾನೇ ಪಡೆಯುತ್ತದೆ, ಒಂದಿಷ್ಟು ಗಾಳಿಯಲ್ಲಿ ಅಡ್ಡಹಾಯುತ್ತದೆ. ಆ ಒಂದಿಷ್ಟರಿಂದಲೇ ಹೊಲದಲ್ಲಿ ವೈವಿಧ್ಯ ಉಳಿದು, ರೈತ ತೆನೆ ಆರಿಸಿ ಬೀಜ ಇಟ್ಟುಕೊಳ್ಳಲು ಆಸ್ಪದವಾಯಿತು. ಇಂದಿಗೂ ರೊಟ್ಟಿಗೆ, ಮೇವಿಗೆ ಜನ ಬಯಸುವ ಮಾಲದಂಡಿ ಜೋಳವೂ ಹಾಗೆ ನಾಡತಳಿಯಿಂದ ಆರಿಸಿದ್ದೇ. ಬಾಳೆಗಾರನಿಗೆ ಆ ಅವಕಾಶವಿಲ್ಲ. ಅವನ ತೋಟದಲ್ಲಿರುವುದು ಸಾವಿರ ಗಿಡವಾದರೂ ಒಂದೇ ಜೀವ, ಒಂದೇ ದೌರ್ಬಲ್ಯ.

ನಂಜನಗೂಡು ರಸಬಾಳೆಯನ್ನು ಮೂಲೆಗೆ ತಳ್ಳಿದ ಪನಾಮಾ ಸೊರಗುರೋಗದ ಬಗೆ ಜಿ-ನೈನ್‌ಗೆ ತಾಗದು. ಆದರೆ ಅದೇ ಶಿಲೀಂಧ್ರದ ‘ಟಿ.ಆರ್-4’ ಎಂಬ ಬಗೆ ತಾಗುತ್ತದೆ; ಬಿಹಾರ, ಉತ್ತರ ಪ್ರದೇಶಗಳಲ್ಲಿ ಈಗಾಗಲೇ ಕಾಣಿಸಿದೆ. ಒಮ್ಮೆ ಮಣ್ಣು ಹೊಕ್ಕರೆ ದಶಕಗಳವರೆಗೆ ಬಿಡದ ಈ ರೋಗಕ್ಕೆ ಸಿಂಪಡಿಸುವ ಔಷಧಿಯಿಲ್ಲ. ನೀರು ಬಂದ ಖುಷಿಯಲ್ಲಿರುವ ಕೃಷ್ಣಾ-ಭೀಮಾ ನಡುವಿನ ರೈತರು ಪ್ರಮಾಣಿತ ಸಸಿಯನ್ನೇ ತರುವುದು, ಗುರುತಿಲ್ಲದ ತೋಟದ ಮರಿಗಡ್ಡೆ ತರದಿರುವುದು, ಹೊರಗಿನಿಂದ ಬಂದ ಗುದ್ದಲಿ, ಟ್ರ್ಯಾಕ್ಟರ್ ಗಾಲಿಗಳ ಮಣ್ಣು ತೊಳೆಸುವುದು, ಬೆಳೆ ಸರದಿ ಬದಲಿಸುವುದು: ಅವರ ಕೈಯಲ್ಲಿರುವುದು ಇಷ್ಟು. ಉಳಿದದ್ದು ಏಣಿ ಹತ್ತಿ ಹೂವಿಗೆ ಹೂ ಸವರುವವರ ಕೆಲಸ. ಒಂದು ಸಂಕರ ತಳಿ ರೈತನ ಹೊಲ ಮುಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುವುದರಿಂದ, ಆ ಕೆಲಸಕ್ಕೆ ದುಡ್ಡು ರೋಗ ಬರುವ ಮೊದಲೇ ಬೇಕು.