ಅಂಗಳದ ನಿತ್ಯಪುಷ್ಪ, ಆಸ್ಪತ್ರೆಯ ಮದ್ದು

ವರ್ಷವಿಡೀ ಅರಳೋ ಈ ನಿತ್ಯಪುಷ್ಪ
ಕ್ಯಾನ್ಸರ್‌ಗೆ ಮದ್ದು ಕೊಟ್ಟಿದೆ, ಗೊತ್ತಾ?

ತವರು ಮಡಗಾಸ್ಕರ್.
ಜಮೈಕಾದಲ್ಲಿ ಇದರ ಎಲೆಯ ಕಷಾಯ
ಸಕ್ಕರೆ ಕಾಯಿಲೆಗೆ ಮನೆಮದ್ದು.

1950ರ ದಶಕ.
ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್
ಅದನ್ನೇ ಇಲಿಗಳ ಮೇಲೆ ಪರೀಕ್ಷಿಸಿದ್ರು.
ಸಕ್ಕರೆ ಇಳೀಲಿಲ್ಲ.
ಇಳಿದದ್ದು ಬಿಳಿ ರಕ್ತಕಣ!
ರಕ್ತದ ಕ್ಯಾನ್ಸರ್‌ನಲ್ಲಿ
ಲಂಗುಲಗಾಮಿಲ್ಲದೆ ಹೆಚ್ಚೋದು ಅವೇ ಅಲ್ವಾ?

ಹೀಗೆ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್.
ಆಮೇಲೆ ವಿನ್‌ಕ್ರಿಸ್ಟಿನ್.

ಜೀವಕೋಶ ಎರಡಾಗುವಾಗ
ಒಳಗೆ ಸಣ್ಣ ಹಗ್ಗ ಹೊಸೆದು
ವರ್ಣತಂತುಗಳನ್ನ ಎರಡೂ ಕಡೆ ಎಳೆಯುತ್ತೆ.
ಈ ಮದ್ದು ಹಗ್ಗ ಹೊಸೆಯೋ ನಾರನ್ನೇ ಹಿಡಿದುಬಿಡುತ್ತೆ.
ಹಗ್ಗವೇ ಇಲ್ಲ,
ಕೋಶ ಎರಡಾಗೋದು ಹೇಗೆ?

ದಯವಿಟ್ಟು ಎಲೆ ಅರೆದು ಕುಡಿಯಬೇಡಿ.
ಅದು ವಿಷ.
ಆಸ್ಪತ್ರೆಯಲ್ಲಿ ಶುದ್ಧ ಮದ್ದನ್ನ ಅಳೆದು,
ರಕ್ತನಾಳಕ್ಕೆ ಕೊಡ್ತಾರೆ.

ಮಕ್ಕಳ ರಕ್ತಕ್ಯಾನ್ಸರ್‌ಗೆ,
ಬೇರೆ ಮದ್ದುಗಳ ಜೊತೆ,
ಇವತ್ತಿಗೂ ವಿನ್‌ಕ್ರಿಸ್ಟಿನ್ ಬೇಕೇ ಬೇಕು.