ಅಕ್ಷರಗಳಲ್ಲೇ ಆಡುವ ಆಟ

ಮಾರ್ಚ್ ತಿಂಗಳು ಬಂತೆಂದರೆ ಕೊಲ್ಲಿ ರಾಷ್ಟ್ರಗಳ ನಮ್ಮಂಥ ಶಾಲೆಗಳಲ್ಲಿ ಕೆಲವು ಮಕ್ಕಳ ಮುಖ ಬಾಡಿರುತ್ತದೆ. ತಂದೆಯ ಕೆಲಸದ ಒಪ್ಪಂದ ಮುಗಿದು ಒಬ್ಬ ಗೆಳೆಯ ಬೆಂಗಳೂರಿಗೆ ಹೊರಟಿರುತ್ತಾನೆ, ಒಬ್ಬ ಗೆಳತಿ ಮೆಲ್ಬರ್ನ್‌ಗೆ. "ದಿನಾ ಮೆಸೇಜ್ ಮಾಡ್ತೀನಿ" ಎಂದು ಕೊಟ್ಟ ಮಾತು ಎರಡೇ ತಿಂಗಳಲ್ಲಿ "ಹಾಯ್, ಏನ್ ಸಮಾಚಾರ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರೀತಿ ಕಡಿಮೆಯಾಗಿ ಅಲ್ಲ, ಒಟ್ಟಿಗೆ ಮಾಡಲು ಏನೂ ಉಳಿದಿಲ್ಲವೆಂದು. ಅಂಥ ಗೆಳೆಯರು ಕೂಡಿ ಆಡಬಹುದಾದ ಒಂದು ಆಟವಿದೆ. ಅದಕ್ಕೆ ಚಿತ್ರ ಬೇಡ, ಧ್ವನಿ ಬೇಡ, ಬರವಣಿಗೆಯಷ್ಟೇ ಸಾಕು.

ಪಾತ್ರ ವಹಿಸಿ ಆಡುವ ಆಟ, ಅಂದರೆ ರೋಲ್‌ಪ್ಲೇಯಿಂಗ್ ಗೇಮ್, ಪುಸ್ತಕರೂಪದಲ್ಲಿ ಪ್ರಸಿದ್ಧವಾದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂಲಕ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್, ಹಲವರು ಕಂಪ್ಯೂಟರಿನಲ್ಲಿ ಒಟ್ಟಿಗೆ ಆಡುವ, ಬರೀ ಅಕ್ಷರಗಳ 'ಮಡ್' ಎಂಬ ಆಟವನ್ನು ಆರಂಭಿಸಿದರು. ಇಂದು ಇದಕ್ಕೆ ಒಂದು ಚಾಟ್ ಗುಂಪು ಸಾಕು.

ಕ್ರಮ ಸರಳ. ಒಬ್ಬರು ಸೂತ್ರಧಾರರಾಗುತ್ತಾರೆ. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ: ಹೆಸರು, ಎರಡು ಸಾಮರ್ಥ್ಯ, ಮರೆಯದೆ ಒಂದು ದೌರ್ಬಲ್ಯ. ಸೂತ್ರಧಾರ ಬರೆಯುತ್ತಾನೆ: "ಸಮುದ್ರದ ದಂಡೆಯ ಹಳೆಯ ಕೋಟೆ. ಬಾಗಿಲು ಅರ್ಧ ತೆರೆದಿದೆ. ಒಳಗೆ ಯಾರೋ ಕೆಮ್ಮಿದ ಸದ್ದು. ಏನು ಮಾಡುತ್ತೀರಿ?" ಆಟಗಾರರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಬರೆಯುತ್ತಾರೆ. ಕಥೆ ಮುಂದೆ ಸಾಗುತ್ತದೆ.

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯದ ಎಳೆ ಹಿಡಿದು ಅರ್ಥಧಾರಿಗಳು ತಮ್ಮದೇ ಮಾತಿನಲ್ಲಿ ಪಾತ್ರವನ್ನು ನಿಲ್ಲಿಸುತ್ತಾರೆ. ಎದುರಿನವನಿಗೆ ಮಾತಿಗೆ ಎಡೆಯನ್ನೇ ಕೊಡದ ಅರ್ಥಧಾರಿ ಎಷ್ಟೇ ವಿದ್ವಾಂಸನಾದರೂ ಪ್ರಸಂಗ ಕೆಡುತ್ತದೆ. ನಮ್ಮ ಆಟ ಕೆಡುವುದೂ ಹೀಗೆಯೇ.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಲೇಬೇಕು, ಭಾಷಾ ಶಿಕ್ಷಕರ ಚಾಳಿ ಬಿಡುವುದಿಲ್ಲ! "ನಾನು ಕಾವಲುಗಾರನನ್ನು ತಳ್ಳಿದೆ, ಅವನು ಬಿದ್ದ, ನಾನು ಕೀಲಿ ಕಿತ್ತುಕೊಂಡೆ" ಎಂದು ಒಬ್ಬ ಬರೆದರೆ ಎಲ್ಲವೂ ಭೂತಕಾಲದಲ್ಲಿ ಮುಗಿದುಹೋಯಿತು. ಉಳಿದ ಮೂವರಿಗೆ ಮಾಡಲು ಏನಿದೆ? ಅದರ ಬದಲು "ಕಾವಲುಗಾರನ ಗಮನ ಬೇರೆಡೆ ಸೆಳೆದು ಕೀಲಿಗೆ ಕೈ ಹಾಕಲು ನೋಡುತ್ತೇನೆ" ಎಂದು ಬರೆಯಲಿ. ಪ್ರಯತ್ನ ಆಟಗಾರನದು, ಫಲಿತಾಂಶ ಅವನದಲ್ಲ. ಇನ್ನೊಬ್ಬರ ಪಾತ್ರದ ಬಾಯಲ್ಲಿ ಮಾತು ಹಾಕುವುದಂತೂ ಕೂಡದು.

ಫಲಿತಾಂಶವನ್ನು ದಾಳ ಹೇಳುತ್ತದೆ. ಎರಡು ಸಾಮಾನ್ಯ ದಾಳಗಳನ್ನು ಹಾಕಿದರೆ 36 ಸಾಧ್ಯತೆಗಳು. ಮೊತ್ತ 5 ಅಥವಾ ಹೆಚ್ಚು ಬರುವ ಸಾಧ್ಯತೆ 30, 7 ಅಥವಾ ಹೆಚ್ಚು 21, 10 ಅಥವಾ ಹೆಚ್ಚು ಕೇವಲ 6. ಆದ್ದರಿಂದ ಸುಲಭದ ಕೆಲಸಕ್ಕೆ 5, ಸಾಧಾರಣಕ್ಕೆ 7, ಕಷ್ಟದ್ದಕ್ಕೆ 10 ಬೇಕೆಂದು ಮೊದಲೇ ಗೊತ್ತುಮಾಡಿ. (ಗಣಿತದ ಶಿಕ್ಷಕರು ಇದನ್ನು ಓದಿ ಸಂತೋಷಪಡುತ್ತಾರೆಂದು ನಂಬಿದ್ದೇನೆ.) ಸೋತಾಗ "ಆಗಲಿಲ್ಲ" ಎಂದಷ್ಟೇ ಬರೆದರೆ ಕಥೆ ನಿಂತುಬಿಡುತ್ತದೆ. ಕೀಲಿ ಸಿಕ್ಕಿತು, ಆದರೆ ಅದು ಕಲ್ಲಿನ ಮೇಲೆ ಬಿದ್ದು ಸದ್ದಾಯಿತು ಎನ್ನಿ.

ಸೂತ್ರಧಾರ ಇಡೀ ಕಥೆಯನ್ನು ಮೊದಲೇ ಬರೆದಿಟ್ಟುಕೊಂಡರೆ ಅದು ಆಟವಲ್ಲ, ಪಾಠ. ಒಂದು ಸ್ಥಳ ಮತ್ತು ಏನಾದರೂ ಬೇಕಾಗಿರುವ ಮೂವರು ಸಾಕು. ಕಾವಲುಗಾರನಿಗೆ ಮನೆಗೆ ಹೋಗುವ ಆತುರ, ವ್ಯಾಪಾರಿಗೆ ಕಳೆದ ಪೆಟ್ಟಿಗೆ ಸಿಗಬೇಕು, ದೋಣಿಯ ಹುಡುಗನಿಗೆ ಗೊತ್ತಿರುವ ಗುಟ್ಟು ಯಾರಿಗಾದರೂ ಹೇಳಬೇಕು. ಮುಂದಿನದನ್ನು ಗೆಳೆಯರೇ ನಡೆಸುತ್ತಾರೆ, ನೀವು ಎಣಿಸದ ದಾರಿಯಲ್ಲಿ.

ಮಸ್ಕತ್‌ನಲ್ಲಿ ಸಂಜೆ ಏಳಾದಾಗ ಬೆಂಗಳೂರಿನಲ್ಲಿ ಎಂಟೂವರೆ, ಮೆಲ್ಬರ್ನ್‌ನಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಬರವಣಿಗೆಯ ಆಟಕ್ಕೆ ಇದು ಅಡ್ಡಿಯಲ್ಲ, ಅವರವರ ಬಿಡುವಿನಲ್ಲಿ ನಾಲ್ಕು ಸಾಲು ಬರೆದರಾಯಿತು. ಆದರೆ ಇಂಥ ಆಟಗಳು ಸಾಯುವುದು ಕಾಯುವುದರಿಂದ. ಎರಡು ದಿನದ ಗಡುವು ಇರಲಿ. ಬರೆಯದವರ ಪಾತ್ರ ಆ ಸರದಿಗೆ ನಿದ್ದೆ ಹೋಗಲಿ, ಯಾರೂ ಜಗಳವಾಡಬೇಕಿಲ್ಲ. ನಾಲ್ಕೈದು ಜನರಿಗಿಂತ ಹೆಚ್ಚು ಬೇಡ.

ಯಾವ ಭಾಷೆಯಲ್ಲಿ? ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮ ಎಷ್ಟೋ ಮಕ್ಕಳ ಕೈ ಕನ್ನಡ ಬರೆಯುವಾಗ ತಡವರಿಸುತ್ತದೆ. ಪರೀಕ್ಷೆಯ ಪ್ರಬಂಧದಲ್ಲಿ ಐದು ವಾಕ್ಯಕ್ಕೆ ಬೆವರುವವನು, ಕೋಟೆಯೊಳಗೆ ಸಿಕ್ಕಿಬಿದ್ದ ಗೆಳೆಯನನ್ನು ಬಿಡಿಸಲು ಹತ್ತು ವಾಕ್ಯ ಬರೆದಾನು. ಫೋನಿನ ಕನ್ನಡ ಕೀಲಿಮಣೆ ಬಳಸಿ. ಇಂಗ್ಲಿಷ್ ಪದ ನಡುವೆ ಬಂದರೆ ಬರಲಿ. ಪಾಲಕರೇ, ದಯವಿಟ್ಟು ಆಟದ ಮಧ್ಯೆ ಒತ್ತಕ್ಷರ ತಿದ್ದಬೇಡಿ.

ನೀವು ಗಮನಿಸಬೇಕಾದದ್ದು ಬೇರೆ. ಗುಂಪಿನಲ್ಲಿ ಮುಖಪರಿಚಯವಿರುವ ಗೆಳೆಯರಷ್ಟೇ ಇರಲಿ. ಮನೆಯ ವಿಳಾಸ, ಶಾಲೆಯ ಬಸ್ಸಿನ ಸಮಯ ಕಥೆಯಲ್ಲೂ ಬರದಿರಲಿ. ಇಂಥ ಆಟಗಳಿಗೆ ಹೆಚ್ಚಾಗಿ ಬಳಸುವ ಡಿಸ್ಕಾರ್ಡ್‌ಗೆ ಕನಿಷ್ಠ 13 ವರ್ಷವಾಗಿರಬೇಕು. ಚಿಕ್ಕವರು ಅಪ್ಪ ಅಮ್ಮನ ಇ-ಮೇಲ್ ಮೂಲಕ ಆಡಬಹುದು. ಯಾರಿಗಾದರೂ ಕಥೆ ಹೆದರಿಕೆ ತಂದರೆ "ಇಲ್ಲಿ ಬೇಡ" ಎಂದರೆ ಸಾಕು, ಕಾರಣ ಕೇಳದೆ ಸೂತ್ರಧಾರ ದಾರಿ ಬದಲಿಸಬೇಕು.

ಪರೀಕ್ಷೆಗೆ ಮೂರು ವಾರ ಮೊದಲು ಪಾತ್ರಗಳನ್ನೆಲ್ಲ ಯಾವುದಾದರೂ ಧರ್ಮಛತ್ರದಲ್ಲಿ ಮಲಗಿಸಿಬಿಡಿ. ಯಾರ ಕೈಯಲ್ಲಿ ಕೀಲಿ ಇತ್ತೆಂದು ಮಾತ್ರ ಒಂದು ಸಾಲು ಬರೆದಿಟ್ಟುಕೊಳ್ಳಿ, ರಜೆ ಬಂದಾಗ ಅದೇ ಮೊದಲ ಪ್ರಶ್ನೆಯಾಗುತ್ತದೆ.