ಹನಿ ಹನಿ ಕೂಡಿದರೆ ಹಳ್ಳ, ಸರಿ, ಆದರೆ ಯಾವಾಗ?

ಜಾವಾ ಕಲಿಯುವಾಗ ನಾವೆಲ್ಲ ಅರೇಲಿಸ್ಟ್ ಜೊತೆ ಒಳ್ಳೇ ಸ್ನೇಹ ಬೆಳೆಸಿರ್ತೀವಿ. ಫಾರ್ ಲೂಪ್ ಹಾಕು, ಒಂದೊಂದೇ ಐಟಂ ಸೇರಿಸು, ಲೂಪ್ ಮುಗಿದ ಮೇಲೆ ಸೈಜ್ ಪ್ರಿಂಟ್ ಮಾಡು. ಇದೇ ಅಭ್ಯಾಸವನ್ನು ರಿಯಾಕ್ಟಿವ್ ಪ್ರೋಗ್ರಾಮಿಂಗ್‌ಗೆ ತಗೊಂಡು ಹೋದರೆ ಎಷ್ಟೋ ಸಲ ಸೈಜ್ 0 ಅಂತ ಬರುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬರೀ ಸೊನ್ನೆ. ಯಾಕೆ ಹೀಗೆ ಅಂತ ನೋಡೋಣ.

ಉದಾಹರಣೆಗೆ ಪ್ರಾಜೆಕ್ಟ್ ರಿಯಾಕ್ಟರ್ ಲೈಬ್ರರಿಯನ್ನೇ ತಗೊಳ್ಳೋಣ. ಸ್ಪ್ರಿಂಗ್ ವೆಬ್‌ಫ್ಲಕ್ಸ್ ನಿಂತಿರೋದು ಇದರ ಮೇಲೇ. ಇದರಲ್ಲಿ ಎರಡು ಮುಖ್ಯ ಟೈಪ್‌ಗಳಿವೆ. ಫ್ಲಕ್ಸ್ ಅಂದರೆ ಎಷ್ಟು ಐಟಂ ಬೇಕಾದರೂ ಬರಬಹುದಾದ ಸ್ಟ್ರೀಮ್. ಮೋನೋ ಅಂದರೆ ಹೆಚ್ಚೆಂದರೆ ಒಂದೇ ಐಟಂ.

1 ರಿಂದ 5 ರವರೆಗಿನ ಸಂಖ್ಯೆಗಳನ್ನು ಸೆಕೆಂಡಿಗೊಂದರಂತೆ ಕಳಿಸುವ ಫ್ಲಕ್ಸ್ ಇದೆ ಅಂದುಕೊಳ್ಳಿ. ಹೊರಗೆ ಒಂದು ಖಾಲಿ ಲಿಸ್ಟ್ ಇಟ್ಟು, ಸಬ್‌ಸ್ಕ್ರೈಬ್ ಒಳಗೆ ಅದಕ್ಕೆ ಸೇರಿಸ್ತಾ, ಮುಂದಿನ ಸಾಲಿನಲ್ಲೇ ಸೈಜ್ ಕೇಳಿದರೆ ಏನಾಗುತ್ತೆ? ಸಬ್‌ಸ್ಕ್ರೈಬ್ ಯಾರಿಗೂ ಕಾಯಲ್ಲ. "ಬಂದಾಗ ಹೀಗೆ ಮಾಡು" ಅಂತ ಹೇಳಿಟ್ಟು ತಕ್ಷಣ ವಾಪಸ್ ಬರುತ್ತೆ. ಮೊದಲ ಸಂಖ್ಯೆ ಬರೋಕೆ ಇನ್ನೂ ಒಂದು ಸೆಕೆಂಡ್ ಇದೆ, ನಾವು ಆಗಲೇ ಎಣಿಸಿಬಿಟ್ಟಿದ್ದೀವಿ! ಅದಕ್ಕೇ ಸೊನ್ನೆ.

ಮೂರು ಸಿಗ್ನಲ್‌ಗಳು

2015ರಲ್ಲಿ ಬಂದ ರಿಯಾಕ್ಟಿವ್ ಸ್ಟ್ರೀಮ್ಸ್ 1.0 ನಿಯಮಗಳ ಪ್ರಕಾರ, ಸಬ್‌ಸ್ಕ್ರೈಬ್ ಆದ ಮೇಲೆ ನಮಗೆ ಬರೋದು ಮೂರು ಥರದ ಸಿಗ್ನಲ್. ಐಟಂ ಬಂದರೆ ಆನ್‌ನೆಕ್ಸ್ಟ್, ತೊಂದರೆ ಆದರೆ ಆನ್‌ಎರರ್, ಎಲ್ಲಾ ಮುಗಿದರೆ ಆನ್‌ಕಂಪ್ಲೀಟ್. ಲಿಸ್ಟ್ ಪೂರ್ತಿ ಆಯ್ತು ಅಂತ ಹೇಳೋ ಹಕ್ಕು ಆನ್‌ಕಂಪ್ಲೀಟ್‌ಗೆ ಮಾತ್ರ.

ಕಲೆಕ್ಟ್‌ಲಿಸ್ಟ್ ಅನ್ನೋ ಆಪರೇಟರ್ ಇದನ್ನೇ ನಂಬಿಕೊಂಡಿದೆ. ಬಂದ ಐಟಂಗಳನ್ನು ಒಳಗೇ ಕೂಡಿಟ್ಟುಕೊಂಡು, ಆನ್‌ಕಂಪ್ಲೀಟ್ ಬಂದ ಮೇಲೆ ಇಡೀ ಲಿಸ್ಟನ್ನು ಒಟ್ಟಿಗೆ ಕೊಡುತ್ತೆ. ಗಮನಿಸಿ, ಅದು ವಾಪಸ್ ಕೊಡೋದು ಲಿಸ್ಟ್ ಅಲ್ಲ, ಲಿಸ್ಟ್ ಇರುವ ಮೋನೋ. ಅಂದರೆ "ಮುಂದೆ ಯಾವಾಗಲೋ ಒಂದು ಲಿಸ್ಟ್ ಸಿಗುತ್ತೆ" ಅನ್ನೋ ಮಾತು. ಮುಂದಿನ ಕೆಲಸವನ್ನು ಮ್ಯಾಪ್ ಅಥವಾ ಫ್ಲಾಟ್‌ಮ್ಯಾಪ್ ಮೂಲಕ ಅದರ ಮೇಲೇ ಬರೀಬೇಕು. ಬ್ಲಾಕ್ ಅಂತ ಕರೆದು ಕಾಯಬಹುದು. ಮೇನ್ ಮೆಥಡ್‌ನಲ್ಲಿ ಪ್ರಯೋಗ ಮಾಡೋಕೆ ಅದು ಸರಿ. ಆದರೆ ರಿಯಾಕ್ಟರ್‌ನ ಪ್ಯಾರಲಲ್ ಥ್ರೆಡ್ ಒಳಗೆ ಕರೆದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಗ್ಯಾರಂಟಿ.

ಮುಗಿಯದ ಸ್ಟ್ರೀಮ್ ಆದರೆ?

ಸೆಕೆಂಡಿಗೊಮ್ಮೆ ತಾಪಮಾನ ಕಳಿಸುವ ಸೆನ್ಸರ್‌ಗೆ ಆನ್‌ಕಂಪ್ಲೀಟ್ ಅನ್ನೋದೇ ಇಲ್ಲ. ಅದರ ಮೇಲೆ ಕಲೆಕ್ಟ್‌ಲಿಸ್ಟ್ ಹಾಕಿದರೆ ಲಿಸ್ಟ್ ಯಾವತ್ತೂ ಕೈಗೆ ಸಿಗಲ್ಲ, ಮೆಮೊರಿ ಮಾತ್ರ ತುಂಬ್ತಾ ಹೋಗುತ್ತೆ. ಇಲ್ಲಿ ಕೊನೆ ಎಲ್ಲಿ ಅಂತ ನಾವೇ ಹೇಳಬೇಕು. ಮೊದಲ 10 ಸಾಕು ಅಂದರೆ ಕಲೆಕ್ಟ್‌ಲಿಸ್ಟ್‌ಗಿಂತ ಮುಂಚೆ ಟೇಕ್ ಹಾಕಿ. ಹತ್ತು ಹತ್ತರ ಕಂತುಗಳಲ್ಲಿ ಬೇಕು ಅಂದರೆ ಬಫರ್ ಇದೆ. "10 ಆಗಲಿ ಅಥವಾ 5 ಸೆಕೆಂಡ್ ಆಗಲಿ, ಯಾವುದು ಮೊದಲೋ ಆಗ ಕೊಡು" ಅನ್ನೋದಾದರೆ ಬಫರ್‌ಟೈಮ್‌ಔಟ್. ಡೇಟಾಬೇಸ್‌ಗೆ ಒಂದೊಂದೇ ಸಾಲು ಬರೆಯೋ ಬದಲು ಕಂತಿನಲ್ಲಿ ಬರೆಯೋಕೆ ಇದು ತುಂಬಾ ಉಪಯೋಗ.

ಎರರ್ ಬಂದರೆ ಕೂಡಿಟ್ಟಿದ್ದೂ ಹೋಗುತ್ತೆ

ಐದರಲ್ಲಿ ಮೂರನೇ ಐಟಂ ಎರರ್ ಆದರೆ, ಕಲೆಕ್ಟ್‌ಲಿಸ್ಟ್ ಮೊದಲ ಎರಡನ್ನೂ ಬಿಸಾಕಿ ಎರರ್ ಮಾತ್ರ ಮುಂದೆ ಕಳಿಸುತ್ತೆ. ಅರ್ಧ ಲಿಸ್ಟ್ ಕೊಡೋ ಪದ್ಧತಿ ಅದಕ್ಕಿಲ್ಲ. ನಮಗೆ ಆ ಎರಡು ಬೇಕಿದ್ದರೆ, ಆನ್‌ಎರರ್‌ರೆಸ್ಯೂಮ್ ಹಾಕಿ ಎರರ್ ಜಾಗದಲ್ಲಿ ಖಾಲಿ ಫ್ಲಕ್ಸ್ ಕೊಡಬಹುದು. ಆದರೆ ಎಲ್ಲಿ ಹಾಕ್ತೀವಿ ಅನ್ನೋದು ಮುಖ್ಯ. ಕಲೆಕ್ಟ್‌ಲಿಸ್ಟ್‌ಗಿಂತ ಮುಂಚೆ ಹಾಕಿದರೆ 1, 2 ಇರುವ ಲಿಸ್ಟ್ ಸಿಗುತ್ತೆ. ಆಮೇಲೆ ಹಾಕಿದರೆ ಅವೆರಡೂ ಅಷ್ಟೊತ್ತಿಗೇ ಹೋಗಿರ್ತವೆ. ಇನ್ನೊಂದು ವಿಷಯ: ಹೀಗೆ ಎರರ್ ನುಂಗಿದರೆ ಲಿಸ್ಟ್ ಪೂರ್ತಿನೋ ಅರ್ಧನೋ ಅಂತ ಮುಂದಿನವರಿಗೆ ಗೊತ್ತಾಗಲ್ಲ. ಫೀಸ್ ಕಟ್ಟಿದವರ ಪಟ್ಟಿಯಂಥದ್ದಕ್ಕೆ ಇದು ಅಪಾಯ, ಸರ್ಚ್ ಸಲಹೆಗಳಿಗೆ ಪರವಾಗಿಲ್ಲ.

ಮೇಲಿನ ಐದು ಸಂಖ್ಯೆಗಳ ಫ್ಲಕ್ಸ್ ಬರೆದು, ಮೂರನೆಯದಕ್ಕೆ ಬೇಕಂತಲೇ ಎಕ್ಸೆಪ್ಶನ್ ಎಸೆದು, ಎರಡೂ ಜಾಗದಲ್ಲಿ ಆನ್‌ಎರರ್‌ರೆಸ್ಯೂಮ್ ಇಟ್ಟು ನೋಡಿ. ಕಲೆಕ್ಟ್‌ಲಿಸ್ಟ್ ಆದಮೇಲೆ ಇಡುವಾಗ ಖಾಲಿ ಫ್ಲಕ್ಸ್ ಬದಲು ಖಾಲಿ ಲಿಸ್ಟ್ ಇರುವ ಮೋನೋ ಕೊಡಬೇಕು. ಕೊನೆಗೆ ಬ್ಲಾಕ್ ಹಾಕೋದು ಮರೀಬೇಡಿ. ಇಲ್ಲಾಂದ್ರೆ ಮೇನ್ ಮುಗಿದ ಕೂಡಲೇ ಪ್ರೋಗ್ರಾಮೂ ಮುಗಿದುಹೋಗುತ್ತೆ.